ಬಿಚ್ಚಿದ ಲೇಸು

ದರ್ಜಿಗಳು ಒಳ್ಳೆಯವರು. ಸೊಂಟದ ಸುತ್ತ ಟೇಪು ಹಿಡಿದು, ಅಳತೆಯನ್ನು ಗಟ್ಟಿಯಾಗಿ ಓದದೆ ಬರೆದುಕೊಂಡು, "ಸ್ವಲ್ಪ ಲೂಸ್ ಇಡ್ತೀನಿ ಸರ್" ಎನ್ನುತ್ತಾರೆ. ಮನೆಯ ತೂಕದ ಯಂತ್ರವೂ ಒಳ್ಳೆಯದೇ. ಗೋಡೆಗೆ ಒಂದು ಕೈ ಊರಿ ನಿಂತರೆ ಎರಡು ಕೇಜಿ ಬಿಟ್ಟುಕೊಡುತ್ತದೆ. ಮಣಿಕಟ್ಟಿನ ವಾಚಂತೂ ನಾನು ಚಟ್ನಿಗೆ ಕಾಯಿ ತುರಿದದ್ದನ್ನೂ ಹೆಜ್ಜೆಗಳ ಲೆಕ್ಕಕ್ಕೆ ಸೇರಿಸುತ್ತದೆ. ಇಷ್ಟೊಂದು ಹಿತೈಷಿಗಳ ನಡುವೆ 52 ವರ್ಷದವನೊಬ್ಬನಿಗೆ ತನ್ನ ಅಸಲು ಸ್ಥಿತಿ ತಿಳಿಯುವುದಾದರೂ ಹೇಗೆ? ಅದಕ್ಕೇ ಕಬ್ಬನ್ ಪಾರ್ಕಿನ ಬಳಿ ಭಾನುವಾರ ಬೆಳಿಗ್ಗೆ ನಡೆಯಲಿದ್ದ 5 ಕಿಲೋಮೀಟರ್ ಓಟಕ್ಕೆ ದುಡ್ಡು ಕಟ್ಟಿದೆ.

"ನೀವು ದಿನಾ ಪಾರ್ಕಲ್ಲಿ ಪುಕ್ಕಟೆ ಓಡ್ತೀರಲ್ಲ, ರೀ" ಎಂದಳು ಹೆಂಡತಿ. ಪಾರ್ಕಿನಲ್ಲಿ ಓಡುವುದು ಬೇರೆ. ಅಲ್ಲಿ ಸುಸ್ತಾದರೆ ಪರಿಚಯದವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಸಿಗದಿದ್ದರೆ ಮರದ ಮೇಲಿನ ಹಕ್ಕಿಯನ್ನಾದರೂ ನಿಂತು ನೋಡಬಹುದು.

ನಾನು ಹಿಂದೆ ಓಡಿದವನೇ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ 10 ಕಿಲೋಮೀಟರಿನ ಟೆನ್‌ಕೆ ಓಟವನ್ನು 2014ರಲ್ಲಿ 58 ನಿಮಿಷಕ್ಕೆ ಮುಗಿಸಿದ್ದೆ. ಆ ಮೆಡಲು ಈಗಲೂ ಷೋಕೇಸಿನಲ್ಲಿದೆ. ಮನೆಗೆ ಬಂದವರು ಅದನ್ನು ನೋಡದೆ ಕಾಫಿ ಕುಡಿಯಲಾಗದಂತೆ ಕುರ್ಚಿ ಹಾಕಿದ್ದೇವೆ. ಹಾಕಿದ್ದೇನೆ.

ಎದೆಗೆ ಚುಚ್ಚಿಕೊಳ್ಳುವ ನಂಬರಿನ ಹಿಂದೆ ತೆಳ್ಳನೆಯ ಒಂದು ಚಿಪ್ ಅಂಟಿಸಿರುತ್ತಾರೆ. ಹೊರಡುವ ಗೆರೆಯ ಮ್ಯಾಟ್ ತುಳಿದಾಗ ಅದರ ಲೆಕ್ಕ ಶುರು, ಕೊನೆಯ ಮ್ಯಾಟ್ ತುಳಿದಾಗ ಮುಗಿತಾಯ. ಹಿಂದೆ ನಿಂತು ತಡವಾಗಿ ಹೊರಟವರಿಗೆ ಅನ್ಯಾಯವಾಗಬಾರದೆಂದು ಈ ಏರ್ಪಾಡು. ಅಂದರೆ "ಜನಜಂಗುಳಿಯಲ್ಲಿ ಸಿಕ್ಕಿಕೊಂಡೆ" ಎಂಬ ಹಳೆಯ, ನಂಬಿಕಸ್ಥ ನೆಪ ಹೋಯಿತು.

ಮೊದಲ ಕಿಲೋಮೀಟರಿನಲ್ಲಿ ನಾನು 2014ರವನೇ ಆಗಿದ್ದೆ. ವಾಚು ನೋಡಿದರೆ ಎದೆಬಡಿತ 174. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆಂಬ ಒರಟು ಲೆಕ್ಕದಲ್ಲಿ ನನಗೆ ದಕ್ಕಿದ್ದು 168. ಉಳಿದ ಆರನ್ನು ಯಾರ ಖಾತೆಯಿಂದ ತೆಗೆದೆನೋ! ಎರಡನೇ ಕಿಲೋಮೀಟರಿಗೆ, ಕಾರಿನಲ್ಲಿ ಕೂತವನಿಗೆ ಎಂದೂ ಏರಾಗಿ ಕಾಣದಿದ್ದ ರಸ್ತೆ ಎದ್ದು ನಿಂತಿತು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು ಎಂದು ಸಮಾಧಾನ ಹೇಳಿಕೊಂಡೆ. ಕೀನ್ಯಾದ ಓಟಗಾರರು ತಯಾರಾಗುವ ಇಟೆನ್ ಊರು ಸುಮಾರು 2,400 ಮೀಟರ್ ಎತ್ತರದಲ್ಲಿದೆ ಎಂಬುದು ಬೇಡದ ಹೊತ್ತಲ್ಲಿ ನೆನಪಾಯಿತು. ಓದುವ ಚಟದ ತೊಂದರೆ ಇದು.

ಮೂರನೇ ಕಿಲೋಮೀಟರಿನಲ್ಲಿ ಷೂ ಲೇಸು ಬಿಚ್ಚಿತು. ಬಗ್ಗಿದೆ. ಕಟ್ಟಿದೆ. ಚೆನ್ನಾಗಿ ಕಟ್ಟಿದೆ. ಮೂವತ್ತು ಜನ ದಾಟಿ ಹೋದ ಮೇಲೆ ಇನ್ನೊಂದನ್ನೂ ಒಮ್ಮೆ ನೋಡಿದೆ.

ಮುಗಿಸಿದ್ದು 34 ನಿಮಿಷ 20 ಸೆಕೆಂಡಿಗೆ. ಟ್ರ್ಯಾಕಿನ ಮೇಲೆ 5,000 ಮೀಟರಿಗೆ ಉಗಾಂಡಾದ ಜೋಷುವಾ ಚೆಪ್ಟೆಗೈ 2020ರಲ್ಲಿ ತೆಗೆದುಕೊಂಡದ್ದು 12 ನಿಮಿಷ 35 ಸೆಕೆಂಡು ಚಿಲ್ಲರೆ. ನನ್ನ ಹೊತ್ತಿನಲ್ಲಿ ಆತ ಎರಡು ಸಲ ಓಡಿ, ಒಂಬತ್ತು ನಿಮಿಷ ಕೂತು ಇಡ್ಲಿ ತಿನ್ನಬಹುದಿತ್ತು. ಅದಿರಲಿ. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಸೂತ್ರ ಕೊಟ್ಟಿದ್ದಾನೆ: ದೂರ ಇಮ್ಮಡಿಯಾದರೆ ಸಮಯ ಇಮ್ಮಡಿಗಿಂತ ತುಸು ಹೆಚ್ಚು, ಹತ್ತಿರ ಹತ್ತಿರ 2.085 ಪಟ್ಟು. ನನ್ನ ಅಂಕಿ ಹಾಕಿದೆ. ಟೆನ್‌ಕೆಗೆ ಈಗ 71 ನಿಮಿಷ ದಾಟುತ್ತದೆ. ಷೋಕೇಸಿನ ಮೆಡಲಿಗೂ ನನಗೂ ನಡುವೆ 13 ನಿಮಿಷ.

ಮನೆಗೆ ಬಂದು, ಮೆಟ್ಟಿಲನ್ನು ಪಕ್ಕವಾಲಿ ಹತ್ತಿ, ಕೂತೆ. "ಲೇಸು ಬಿಚ್ಚಿಹೋಯ್ತು ಕಣೇ. ಇಲ್ಲದಿದ್ದರೆ ಮೂವತ್ತೆರಡರೊಳಗೆ ಬರ್ತಿದ್ದೆ."

ಬಗ್ಗಲಾರದೆ ಕಾಲು ಚಾಚಿದ್ದೆ. ಅವಳೇ ಷೂ ಕಳಚಲು ಕೂತು, ಉಗುರಿನಿಂದ ಕೆದಕುತ್ತ ಕೇಳಿದಳು:

"ಬೆಳಿಗ್ಗೆ ನಾನೇ ಹಾಕಿದ ಎರಡು ಗಂಟು ಎರಡೂ ಕಾಲಲ್ಲಿ ಹಾಗೇ ಇದೆಯಲ್ಲ. ಬಿಚ್ಚಿದ್ದು ಯಾರ ಲೇಸು, ರೀ?"