ಕೊಡುಕಾತಿಲ್ಲೆ ಮಾಸ್ಟ್ರು

ಮನೆಯ ತಿಜೋರಿಯ ಬೀಗದಕೈ ಹೆಂಡತಿಯ ಸೆರಗಿಗೆ, ಕ್ಯಾಸೆಟ್ ಕಪಾಟಿನ ಬೀಗದಕೈ ಸ್ವಂತ ಜನಿವಾರಕ್ಕೆ. ಹೀಗೆ ಪಾಲುಪಟ್ಟಿ ಮಾಡಿಕೊಂಡು ಸುಖವಾಗಿರುವ ಗಂಡಸರು ಬ್ರಹ್ಮಾವರದಿಂದ ಬೈಂದೂರಿನವರೆಗೆ ಊರಿಗೊಬ್ಬರಂತೆ ಇನ್ನೂ ಉಳಿದಿದ್ದಾರೆ. ತ್ರಾಸಿಯ ಪಾಲಿಗೆ ಬಂದವರು ಒಬ್ಬ ನಿವೃತ್ತ ಮಾಸ್ಟ್ರು. ಪಿಂಚಣಿ ಕಾಗದದಲ್ಲಿ ಅವರಿಗೊಂದು ಹೆಸರಿದೆ. ಊರಿನ ಬಾಯಲ್ಲಿ ಮಾತ್ರ ಅವರು ‘ಕೊಡುಕಾತಿಲ್ಲೆ ಮಾಸ್ಟ್ರು’.

ಜಿಪುಣರೆಂದುಕೊಳ್ಳಬೇಡಿ. ಹಲಸಿನಹಣ್ಣು ಕೇಳಿದರೆ ಕೊಯ್ಯಿಸಿ, ಹೊರಿಸಿ, ಗೇಟಿನವರೆಗೆ ಬಂದು ಕಳಿಸುತ್ತಾರೆ. ಕೈಸಾಲ ಕೊಟ್ಟದ್ದನ್ನು ಮರೆತೇ ಬಿಡುತ್ತಾರೆ. ಆದರೆ ‘ಒಂದ್ ಕ್ಯಾಸೆಟ್’ ಎಂಬ ಶಬ್ದ ನಿಮ್ಮ ಬಾಯಿಂದ ಹೊರಬಿದ್ದರೆ ಕೈ ತಾನಾಗಿ ಜನಿವಾರದ ಕಡೆಗೆ ಹೋಗುತ್ತದೆ. “ಕೊಡುಕಾತಿಲ್ಲೆ.”

ಇದು ಮೊದಲ ಸುತ್ತು. ಬಲ್ಲವರು ಇದಕ್ಕೆ ಹೆದರುವುದಿಲ್ಲ. ಎರಡನೇ ಸಲ ಕೇಳಿದರೆ ಕಾಫಿ ಬರುತ್ತದೆ, ಆ ಕ್ಯಾಸೆಟ್ಟಿನ ಜಾತಕವೂ ಬರುತ್ತದೆ. ಯಾವ ಊರಿನ ಆಟ, ಯಾವ ವೇಷಕ್ಕೆ ಯಾರು, ಎಷ್ಟು ಗಂಟೆಗೆ ಮಳೆ ಬಂತು, ಎಲ್ಲ. ಮೂರನೇ ಸಲ, ತುಸು ದೀನ ದನಿಯಲ್ಲಿ ಕೇಳಿದರೆ ಬೀಗ ತೆರೆಯುತ್ತದೆ. ಕೆಂಪು ರಟ್ಟಿನ ‘ಕೊಟ್ಟ ಪುಸ್ತಕ’ದಲ್ಲಿ ನಿಮ್ಮ ಹೆಸರು, ತಾರೀಕು, ಹಿಂದೆ ಕೊಡುವ ಗಡುವು ಬರೆದು, ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಗಡುವು ತಪ್ಪಿದವರನ್ನು ಮದುವೆ ಊಟದ ಪಂಕ್ತಿಯಲ್ಲಿ, ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ, ಎದುರು ಸಾಲಿನಿಂದ ಕೂಗಿ ಕೇಳುತ್ತಾರೆ. ಒಂದು ಒಳ್ಳೆಯ ಸಂಬಂಧ ಜಾತಕವೆಲ್ಲ ಕೂಡಿಬಂದ ಮೇಲೂ ಮುರಿದುಬಿತ್ತಂತೆ. ಹುಡುಗನ ದೊಡ್ಡಪ್ಪ ಒಯ್ದ ಕ್ಯಾಸೆಟ್ ತಂದುಕೊಟ್ಟಿರಲಿಲ್ಲ.

ಕಪಾಟಿನ ಮೇಲಿನ ಖಾನೆಗಳೆಲ್ಲ ಯಕ್ಷಗಾನಕ್ಕೆ. ಹೆಚ್ಚಿನವು ಗುಂಡ್ಮಿ ಕಾಳಿಂಗ ನಾವಡರ ಪದ್ಯದವು. ನಾವಡರು ಹುಟ್ಟಿದ್ದು 1958ರಲ್ಲಿ, ರಸ್ತೆ ಅಪಘಾತದಲ್ಲಿ ಹೋದದ್ದು 1990ರಲ್ಲಿ. ನಾರಣಪ್ಪ ಉಪ್ಪೂರರ ಗರಡಿಯಲ್ಲಿ ಪಳಗಿದ ಆ ಕಂಠ ಸಾಲಿಗ್ರಾಮ ಮೇಳದ ಡೇರೆಯಲ್ಲಿ ಏಳುತ್ತಿದ್ದ ವರ್ಷಗಳಲ್ಲಿ, ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟೂ ಗಲ್ಫಿನಿಂದ ಬರುವವರ ಸೂಟ್‌ಕೇಸಿನಲ್ಲಿ ಟೂ-ಇನ್-ವನ್ ಸಮೇತ ನಮ್ಮೂರಿಗೆ ಬಂದಿಳಿದಿತ್ತು. ಎರಡೂ ಒಂದೇ ಕಾಲಕ್ಕೆ ಒದಗಿದ್ದು ಕರಾವಳಿಯ ಭಾಗ್ಯ. ಆ ಭಾಗ್ಯವನ್ನು ಹಿಡಿದಿಡಲು ನಿದ್ದೆಗೆಟ್ಟವರು ನಮ್ಮ ಮಾಸ್ಟ್ರಂಥವರು.

ಲೆಕ್ಕ ನೋಡಿ. ಆಗಿನ ಆಟ ರಾತ್ರಿ ಹತ್ತಕ್ಕೆ ಹಿಡಿದರೆ ಬೆಳಗಿನ ಆರು. ತೊಂಬತ್ತು ನಿಮಿಷದ ಕ್ಯಾಸೆಟ್ ಆರು ಬೇಕು. ನಲವತ್ತೈದು ನಿಮಿಷಕ್ಕೊಮ್ಮೆ ಎದ್ದು ಮಗುಚಿ ಹಾಕಬೇಕು. ಇಡೀ ಡೇರೆ ಕಥೆಯಲ್ಲಿ ಮುಳುಗಿರುವಾಗ ಮಾಸ್ಟ್ರು ವಾಚಿನಲ್ಲಿ ಮುಳುಗಿರುತ್ತಿದ್ದರು. ರಾತ್ರಿಯ ಅತ್ಯುತ್ತಮ ಪದ್ಯ ಬರುವುದು ನಲವತ್ನಾಲ್ಕನೇ ನಿಮಿಷಕ್ಕೇ ಎಂಬುದು ಪ್ರಕೃತಿ ನಿಯಮ. ಹಾಗಾಗಿ ಅವರ ಸಂಗ್ರಹದಲ್ಲಿ ಎಲ್ಲ ಶ್ರೇಷ್ಠ ಪದ್ಯಗಳೂ ಅರ್ಧರ್ಧ ಇವೆ. ಆ ಅರ್ಧ ಮತ್ತೆಲ್ಲೂ ಇಲ್ಲ ಎಂಬುದೇ ಅವರ ಹೆಮ್ಮೆ.

ಇನ್ನೊಂದು ಸೂಕ್ಷ್ಮವಿದೆ. ಡೇರೆಯ ಅಂಚಿನಲ್ಲಿ ರೆಕಾರ್ಡರು ಓಡುತ್ತಿದ್ದದ್ದು ಸೆಲ್ಲಿನ ಮೇಲೆ. ಬೆಳಗಿನ ಜಾವಕ್ಕೆ ಸೆಲ್ ಸೋತು ರಿಬ್ಬನ್ ನಿಧಾನವಾಗುತ್ತದೆ. ಹಾಗೆ ಹಿಡಿದದ್ದನ್ನು ಮನೆಯ ಕರೆಂಟಿನಲ್ಲಿ ಪೂರ್ತಿ ವೇಗಕ್ಕೆ ಹಾಕಿದರೆ ಶ್ರುತಿ ಏರುತ್ತದೆ. ಮಾಸ್ಟ್ರ ಆರನೇ ಕ್ಯಾಸೆಟ್ಟಿನ ನಾವಡರು, ಮೊದಲೇ ಏರುದನಿಯವರು, ಮನುಷ್ಯ ಮಾತ್ರರಿಗೆ ನಿಲುಕದ ಎತ್ತರದಲ್ಲಿ ಹಾಡುತ್ತಾರೆ. ಚೆಂಡೆಯಂತೂ ಬಸ್ಸು ತಪ್ಪುತ್ತದೆಂಬ ಗಡಿಬಿಡಿಯಲ್ಲಿರುತ್ತದೆ. “ಕಾಣಿ, ನಾವಡ್ರ ನಿಜವಾದ ಶ್ರುತಿ ಇದ್. ಈಗಿನ್ ಮೊಬೈಲಂಗ್ ಬಪ್ಪುದೆಲ್ಲ ಇಳ್ಸಿದ್ದ್” ಎನ್ನುತ್ತಾರೆ. ಸೆಲ್ಲಿನ ವಿಷಯ ತ್ರಾಸಿಯಲ್ಲಿ ಎಲ್ಲರಿಗೂ ಗೊತ್ತು. ಅವರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ನನಗೂ ಇಲ್ಲ.

ಒಂದು ಕ್ಯಾಸೆಟ್ಟಿನಲ್ಲಂತೂ ಕರುಣರಸದ ಪದ್ಯವೊಂದು ಉತ್ತುಂಗಕ್ಕೇರುವಾಗ ಇದ್ದಕ್ಕಿದ್ದಂತೆ “ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು” ಶುರುವಾಗುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಕಿವಿ ಮುರಿದುಬಿಟ್ಟರೆ ಕ್ಯಾಸೆಟ್ಟಿನ ಮೇಲೆ ಇನ್ನೊಂದನ್ನು ಹಿಡಿಯಲಾಗದು. ಅದನ್ನು ಮುರಿಯಲು ಮರೆತ ದಿನ ಮಗ ಗುಂಡಿ ಒತ್ತಿ ಮಗ್ಗಿ ಹೇಳಿದ್ದ. ಆ ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ. ಏಳೇಳ್ಲ ನಲವತ್ತೇಳು ಎಂದದ್ದು ಮಾತ್ರ ಇಲ್ಲಿ ಶಾಶ್ವತವಾಗಿ ಉಳಿದಿದೆ.

ಮಾಸ್ಟ್ರ ಕಷ್ಟ ಶುರುವಾದದ್ದು ಮೊಬೈಲಿನಿಂದ. ಕ್ಯಾಸೆಟ್ ಹೋಗಿ ಸಿ.ಡಿ., ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂದಾಗಲೂ ಅವರು ಅಲುಗಿರಲಿಲ್ಲ. ಕೇಳುವವರು ಇದ್ದರು. ಆಮೇಲೆ ಯೂಟ್ಯೂಬಿನಲ್ಲಿ ನಾವಡರೂ ಬಂದರು, ಚಿಟ್ಟಾಣಿಯವರೂ ಬಂದರು, ಶೇಣಿಯವರ ತಾಳಮದ್ದಲೆಯೂ ಬಂತು. ಒಂದು ಸಂಜೆ ಪರಿಚಯದ ಮಾಣಿಯೊಬ್ಬ “ಆ ನಾಗಶ್ರೀ ಇತ್ತಾ ಮಾಸ್ಟ್ರೆ?” ಎಂದ. ಮಾಸ್ಟ್ರು ಕ್ರಮದಂತೆ “ಕೊಡುಕಾತಿಲ್ಲೆ” ಎಂದರು, ಎರಡನೇ ಸುತ್ತಿಗೆ ಕಾಫಿ ಹೇಳಲು ಒಳಗೂ ತಿರುಗಿದರು. ಅವನು “ಬ್ಯಾಡ ಬಿಡಿ, ಸುಮ್ನೆ ಕೇಂಡೆ. ಮೊಬೈಲಂಗ್ ಇತ್ತ್” ಎಂದು ಬೈಕು ಹತ್ತಿ ಹೋಗಿಯೇ ಬಿಟ್ಟ. ಕೊಡುವುದಿಲ್ಲ ಎನ್ನುವವನಿಗೆ ಕೇಳುವವನೇ ಇಲ್ಲದಿದ್ದರೆ ಅವನ ಉದ್ಯೋಗವಾದರೂ ಏನು? ಮಾಸ್ಟ್ರು ಅಂದು ನಿಜವಾಗಿ ನಿವೃತ್ತರಾದರು. ಶಾಲೆಯಿಂದಾದ ನಿವೃತ್ತಿ ಅವರನ್ನು ಇಷ್ಟು ತಟ್ಟಿರಲಿಲ್ಲ.

ಆದರೂ ಕಪಾಟಿನ ಸೇವೆ ನಿಲ್ಲಲಿಲ್ಲ. ನಮ್ಮ ತ್ರಾಸಿ-ಮರವಂತೆ ನಿಮಗೆ ಗೊತ್ತಲ್ಲ, ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಪ್ರವಾಸಿಗರು ಕಾರು ನಿಲ್ಲಿಸಿ ಸೆಲ್ಫಿ ಹೊಡೆದುಕೊಳ್ಳುತ್ತಾರೆ. ಕ್ಯಾಸೆಟ್ ಸಾಕುವವನಿಗೆ ಇದಕ್ಕಿಂತ ಕೆಟ್ಟ ಜಾಗ ಭೂಮಿಯ ಮೇಲಿಲ್ಲ. ಪಡುವಣದಿಂದ ಉಪ್ಪುಗಾಳಿ, ಮೂಡಣದಿಂದ ಹೊಳೆಯ ಥಂಡಿ, ಮೇಲಿನಿಂದ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಆಷಾಢದಲ್ಲಿ ಗೋಡೆಯ ಕ್ಯಾಲೆಂಡರಿಗೇ ಬೂಷ್ಟು ಹಿಡಿಯುತ್ತದೆ, ರಿಬ್ಬನ್ನು ಯಾವ ಲೆಕ್ಕ? ಕ್ಯಾಸೆಟ್ಟಿನ ಸ್ಕ್ರೂಗಳಿಗೆ ತುಕ್ಕು ಬಂದರೆ ಮಾತ್ರ ಮಾಸ್ಟ್ರು ಹೆದರುವುದಿಲ್ಲ. ರಿಬ್ಬನ್ನಿಗೆ ಬಳಿದಿರುವ ಕಂದು ಪುಡಿಯೇ ಕಬ್ಬಿಣದ ಆಕ್ಸೈಡು, ಎಂದರೆ ಹೆಚ್ಚುಕಡಿಮೆ ತುಕ್ಕೇ. ನಾವಡರು ಕೂತಿರುವುದೇ ತುಕ್ಕಿನ ಮೇಲೆ ಎಂದಾದರೆ ಸ್ಕ್ರೂ ತುಕ್ಕು ಹಿಡಿದರೇನು ಎಂಬುದು ಅವರ ತರ್ಕ. ಥಂಡಿಗೆ ಮದ್ದಾಗಿ ಮಳೆಗಾಲದಲ್ಲಿ ಆಯ್ದ ಕೆಲವನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾರೆ. “ಅನ್ನಕ್ಕೆ ಅಕ್ಕಿ ಅಳುಕ್ ಹೋರೆ ಕುಡ್ತಿಯಂಗ್ ಕ್ಯಾಸೆಟ್ ಬತ್ತ್ ಮರ್ರೆ” ಎಂದು ಅವರ ಹೆಂಡತಿ ನೆಂಟರ ಮುಂದೆ ಹೇಳಿ ನಗುತ್ತಾರೆ. ನಗದಿದ್ದರೆ ಅವರು ಇಷ್ಟು ವರ್ಷ ಸಂಸಾರ ಮಾಡಿರಲಿಕ್ಕಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿ ಕೇಳುತ್ತಾರೋ ಎಂದರೆ, ಇಲ್ಲ. ಹಾಕಿದರೆ ರಿಬ್ಬನ್ ಸವೆಯುತ್ತದೆ. ಅದಕ್ಕಾಗಿ ಹಾಕುವುದೇ ಇಲ್ಲ. ರಾತ್ರಿ ಮುಸುಕಿನೊಳಗೆ ಇಯರ್‌ಫೋನಿನಲ್ಲಿ ಅವರು ಕೇಳುವುದು ಯೂಟ್ಯೂಬಿನ ನಾವಡರನ್ನೇ. ಅವರ ಹೆಂಡತಿ ಈ ಗುಟ್ಟನ್ನು ಯಾರಿಗೂ ಹೇಳಬಾರದೆಂದು ಊರಿಗೆಲ್ಲ ಹೇಳಿದ್ದಾರೆ.

ಮಗ ಚೌತಿಗೆ ಬಂದಾಗ ಪ್ರತಿ ವರ್ಷ ಒಂದು ಸಂಧಾನ ನಡೆಯುತ್ತದೆ. “ಎಲ್ಲ ಕಂಪ್ಯೂಟರಿಗೆ ಏರ್ಸ್ವ ಅಪ್ಪಯ್ಯ.” ಕ್ಯಾಸೆಟ್ಟಿಗೆ ಅವಸರ ಗೊತ್ತಿಲ್ಲ. ತೊಂಬತ್ತು ನಿಮಿಷದ್ದನ್ನು ಏರಿಸಲು ತೊಂಬತ್ತು ನಿಮಿಷ ಕೂರಲೇಬೇಕು. ನಾನೂರು ಕ್ಯಾಸೆಟ್ಟಿಗೆ ಆರುನೂರು ಗಂಟೆ, ಎಂದರೆ ಊಟ ನಿದ್ದೆ ಬಿಟ್ಟು ಇಪ್ಪತ್ತೈದು ದಿನ. ಮಗನ ರಜೆ ಮೂರು ದಿನ. ಸಂಧಾನ ಅಲ್ಲಿಗೆ ಮುರಿಯಬೇಕು, ಆದರೆ ಮಾಸ್ಟ್ರಿಗೆ ಇಂಗ್ಲೆಂಡಿನ ಕಥೆ ಹೇಳದೆ ಮುಗಿಸಲು ಮನಸ್ಸಾಗುವುದಿಲ್ಲ. ಅಲ್ಲಿ 1086ರಲ್ಲಿ ರಾಜ ವಿಲಿಯಂ ನಾಡಿನ ಹೊಲ ಮನೆಗಳ ಲೆಕ್ಕವನ್ನೆಲ್ಲ ತೊಗಲಿನ ಹಾಳೆಗಳಲ್ಲಿ ಬರೆಸಿದ. ಡೂಮ್ಸ್‌ಡೇ ಪುಸ್ತಕ ಎಂದು ಹೆಸರು. ಒಂಬೈನೂರು ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿ.ಬಿ.ಸಿ.ಯವರು ಶಾಲೆ ಮಕ್ಕಳಿಂದ ತಮ್ಮ ತಮ್ಮ ಊರಿನ ವಿವರ ಬರೆಸಿ, ಫೋಟೊ ತೆಗೆಸಿ, ಲೇಸರ್ ಡಿಸ್ಕಿಗೆ ತುಂಬಿದರು. ಹದಿನೈದು ವರ್ಷ ಕಳೆಯುವುದರೊಳಗೆ ಅದನ್ನು ಓದುವ ಯಂತ್ರವೇ ಅಪರೂಪವಾಗಿ, ಉಳಿಸಿಕೊಳ್ಳಲು ತಜ್ಞರು ಹೆಣಗಬೇಕಾಯಿತು. ತೊಗಲಿನ ಪುಸ್ತಕ ಇವತ್ತಿಗೂ ಓದಲು ಬರುತ್ತದೆ. “ಗೊತ್ತಾಯ್ತಾ? ಹೊಸತ್ ಬಂತಂದ್ ಹಾರುಕಾಗ” ಎನ್ನುತ್ತಾರೆ ಮಾಸ್ಟ್ರು. ಮಗ ತಣ್ಣಗೆ, “ಅಪ್ಪಯ್ಯ, ನೀವ್ ಕೆಳಗಿನ್ ಖಾನೆಯಂಗ್ ಮಡ್ಗಿದ್ದೂ ಅದೇ ಪ್ಲೇಟ್ ಅಲ್ದಾ?” ಎನ್ನುತ್ತಾನೆ. ಮಾಸ್ಟ್ರು ಸ್ನಾನಕ್ಕೆ ಏಳುತ್ತಾರೆ.

ಮಗ ಹೇಳಿದ್ದು ಸುಳ್ಳಲ್ಲ. ಕೆಳಗಿನ ಖಾನೆಯಲ್ಲಿ, ಹಳೆ ಸೀರೆಯಲ್ಲಿ ಸುತ್ತಿಟ್ಟ ಲೇಸರ್ ಡಿಸ್ಕುಗಳಿವೆ. ಬಹರೈನಿನಲ್ಲಿದ್ದ ಭಾವಯ್ಯ ಊರಿಗೆ ಬಂದಾಗ ತಂದದ್ದು. ನೀರುದೋಸೆ ಕಾವಲಿಯಷ್ಟು ಅಗಲ, ಹನ್ನೆರಡು ಇಂಚು, ಎರಡೂ ಬದಿ ಕನ್ನಡಿ. ಅಮೆರಿಕದಲ್ಲಿ 1978ರಲ್ಲಿ ಇವು ಮಾರಾಟಕ್ಕೆ ಬಂದಾಗ ಮೊದಲು ಬಂದ ಸಿನಿಮಾಗಳಲ್ಲಿ ‘ಜಾಸ್’ ಒಂದು. ಮಾಸ್ಟ್ರ ಬಳಿ ಇರುವುದರಲ್ಲೂ ಅದೇ ಮುಖ್ಯ. ಕಡಲಿನ ದೊಡ್ಡ ಶಾರ್ಕ್ ಮೀನು ಮನುಷ್ಯರನ್ನು ತಿನ್ನುವ ಕಥೆ. ಯಂತ್ರ ಬಂದ ವಾರ ನೆರೆಕರೆಯವರೆಲ್ಲ ಜಗಲಿ ತುಂಬ ಕೂತಿದ್ದರು. ಕಡಲ ಬದಿಯ ಜನ, ಮೀನು ನೋಡಲು ಬಂದವರು. ಒಂದು ಬದಿಗೆ ಒಂದು ಗಂಟೆ. ಗಂಟೆ ಮುಗಿಯಿತು, ಮೀನು ನೆಟ್ಟಗೆ ಮುಖ ತೋರಿಸಲಿಲ್ಲ. ಅಲ್ಲಿ ಬರೀ ನೀರು, ಕೂಗು, ವಾದ್ಯದ ಸದ್ದು. “ನೀರ್ ಕಾಂಬುಕ್ ಇಲ್ಲಿಗೆ ಬರ್ಕಾ? ಮನಿ ಎದ್ರೇ ಇತ್ತಲೆ” ಎಂದು ಜನ ಎದ್ದರು. ಮಾಸ್ಟ್ರು ಡಿಸ್ಕ್ ಮಗುಚುವಷ್ಟರಲ್ಲಿ ಅರ್ಧ ಜಗಲಿ ಖಾಲಿ. ಮುಂದೆ ಉಪ್ಪುಗಾಳಿಗೆ ಯಂತ್ರ ಕೆಟ್ಟಿತು. ಪಯೊನಿಯರ್ ಕಂಪನಿ ಕೂಡ 2009ರಲ್ಲಿ ಯಂತ್ರ ಮಾಡುವುದನ್ನೇ ನಿಲ್ಲಿಸಿತು. ಜಗತ್ತಿನ ಡಿಸ್ಕ್ ಸಂಗ್ರಾಹಕರಿಗೆಲ್ಲ ಇರುವ ಭಯವೆಂದರೆ ಎರಡು ಬದಿಗಳನ್ನು ಅಂಟಿಸಿದ ಗೋಂದಿನ ಸಂದಿಯಲ್ಲಿ ಥಂಡಿ ಸೇರಿ ಒಳಗಿನ ಅಲ್ಯೂಮಿನಿಯಂ ಪದರ ಕೊಳೆಯುವುದು. ಮಾಸ್ಟ್ರು ಅದಕ್ಕಾಗಿ ಅವನ್ನು ವರ್ಷಕ್ಕೊಮ್ಮೆ ಹೊರತೆಗೆದು ಒರೆಸುತ್ತಾರೆ, ನವರಾತ್ರಿಯಲ್ಲಿ ಶಾರದೆಯ ಫೋಟೊದ ಹಿಂದೆ ಪ್ರಭಾವಳಿಯಾಗಿ ನಿಲ್ಲಿಸುತ್ತಾರೆ. ಮಂಗಳಾರತಿಯ ಬೆಳಕಿಗೆ ಅದು ಏಳು ಬಣ್ಣದಲ್ಲಿ ಹೊಳೆಯುವುದನ್ನು ನೀವೊಮ್ಮೆ ನೋಡಬೇಕು. ಹಾಲಿವುಡ್ಡು ಹೀಗೂ ಸಾರ್ಥಕವಾದೀತೆಂದು ಯಾರು ಎಣಿಸಿದ್ದರು?

ಕಳೆದ ನವರಾತ್ರಿಯಲ್ಲಿ ಅದನ್ನು ನೋಡಿಕೊಂಡು ಹೋದ ಆಚೆಮನೆಯ ಹೆಂಗಸು, ಮಾಸ್ಟ್ರ ಹಳೆಯ ಶಿಷ್ಯೆ, ನೆಲಗಡಲೆ ಬಿತ್ತಿದ ಮೇಲೆ ಬಂದಳು. ಗದ್ದೆಗೆ ನವಿಲಿನ ಕಾಟ. ಹಳೆ ಸಿ.ಡಿ. ಕಟ್ಟಿದರೆ ಹಕ್ಕಿ ಬೆದರುತ್ತದೆಂದು ಎಲ್ಲರೂ ಕಟ್ಟುತ್ತಾರೆ. ಆದರೆ ನವಿಲು ದೊಡ್ಡದು, ಅದಕ್ಕೆ ದೊಡ್ಡದೇ ಬೇಕು ಎಂಬುದು ಅವಳ ಅಂದಾಜು.

“ಮಾಸ್ಟ್ರೆ, ಆ ಕನ್ನಡಿ ಪ್ಲೇಟ್ ಒಂದ್ ಕೊಡ್ತ್ರಿಯಾ?”

ಎಷ್ಟೋ ಕಾಲದ ಮೇಲೆ ಕೇಳಿದ ಪ್ರಶ್ನೆ. ಮಾಸ್ಟ್ರ ಬೆನ್ನು ನೆಟ್ಟಗಾಯಿತು. ಕೈ ಜನಿವಾರಕ್ಕೆ ಹೋಯಿತು.

“ಕೊಡುಕಾತಿಲ್ಲೆ.”

“ಅಡ್ಡಿಲ್ಲೆ ಬಿಡಿ, ಹಾಂಗಾರೆ ಹಳೆ ಸ್ಟೀಲ್ ಬಟ್ಲೇ ಕಟ್ತೆ” ಎಂದು ಅವಳು ಅಂಗಳಕ್ಕಿಳಿದಳು.

“ಏ, ನಿಲ್ಲ್ ಕಾಂಬ!” ಮಾಸ್ಟ್ರು ಜಗಲಿಯ ತುದಿಗೆ ಓಡಿ ಬಂದರು. “ಕೊಡುಕಾತಿಲ್ಲೆ ಅಂದ್ರೆ ಇನ್ನೊಂದ್ಸಲ ಕೇಣ್ಕ್! ಎಂತ ಕಲ್ತದ್ ನೀನ್ ನನ್ನತ್ರ?”

ಅವಳು ಇನ್ನೊಂದು ಸಲ ಕೇಳಿದಳು. ಕಾಫಿ ಬಂತು. ಡಿಸ್ಕಿನ ಜಾತಕವನ್ನು ಭಾವಯ್ಯನ ವಿಮಾನದಿಂದ ಹಿಡಿದು ಪೂರ್ತಿ ಕೇಳಿದಳು. ಮೂರನೇ ಸಲವೂ ಕೇಳಿದಳು. ಕೆಂಪು ಪುಸ್ತಕದಲ್ಲಿ ಬಹಳ ವರ್ಷಗಳ ಮೇಲೆ ಹೊಸ ಸಾಲು ಬಿತ್ತು: ಕೊಟ್ಟದ್ದು ‘ಜಾಸ್’ ಒಂದು, ಉದ್ದೇಶ ನವಿಲು, ಗಡುವು ನೆಲಗಡಲೆ ಕೀಳುವವರೆಗೆ. ಡಿಸ್ಕಿನ ನಡುವಿನ ತೂತಿಗೆ ನೈಲಾನ್ ದಾರ ಹಾಕಿ ಗಂಟು ಬಿಗಿದು ಕೊಟ್ಟವರೂ ಮಾಸ್ಟ್ರೇ.

ವಾರ ಕಳೆದು ಅವಳು ದೂರು ಹೊತ್ತು ಬಂದಳು. “ಹೆದ್ರುದ್ ಹಾಂಗಿರ್ಲಿ ಮಾಸ್ಟ್ರೆ, ಅದ್ರೆದ್ರ್ ನಿಂತ್ಕಂಡ್ ರೆಕ್ಕಿ ಸರಿ ಮಾಡ್ಕಂತ್!”

ಮಾಸ್ಟ್ರು ಕನ್ನಡಕ ಏರಿಸಿ ಕೊಂಚ ಯೋಚಿಸಿದರು.

“ಯಾವ್ ಬದಿ ಹೊರಗ್ ಹಾಕಿದ್ದೆ?”

“ಯಾವ್ ಬದಿಯೋ ಯಾರಿಗ್ ಗೊತ್ತ್? ಎರಡೂ ಒಂದೇ ಕಣಾಂಗಿತ್ತ್.”

“ಒಂದೇ ಅಲ್ಲ. ಮಗುಚಿ ಹಾಕ್. ಮೊದಲ್ನೇ ಬದಿಯಂಗ್ ಮೀನೇ ಬತ್ತಿಲ್ಲೆ.”