ಮಾದಪ್ಪನ ರಾಕ್ ಮತ್ತು ಒಂಬತ್ತರ ಗೇಟು

ನಮ್ಮ ನಾಟಕ ತಂಡದ ನಿರ್ದೇಶಕರ ವಾದಕ್ಕೆ ಎದುರು ಮಾತಿರಲಿಲ್ಲ. ‘ಯೇಸುವಿನ ಕಥೆಗೆ ಗಿಟಾರು ಬಾರಿಸಿ 1971ರಲ್ಲೇ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ “ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್” ಆಡಿಬಿಟ್ಟರು. ನಮ್ಮ ಮಾದಪ್ಪ ಯಾವುದರಲ್ಲಿ ಕಡಿಮೆ? ಹುಲಿ ಮೇಲೆ ಕೂತು ಬರೋನು!’ ಹುಲಿಯ ಮಾತು ಬಂದ ಮೇಲೆ ಚಾಮರಾಜನಗರದಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಸಾಲದ್ದಕ್ಕೆ 2005ರ ‘ಜೋಗಿ’ ಸಿನಿಮಾದಲ್ಲಿ ಮಾದಪ್ಪನ ಹಾಡಿಗೆ ಇಡೀ ಕರ್ನಾಟಕವೇ ಕುಣಿದಿತ್ತು. ಟೀ ಲೋಟ ಕೆಳಗಿಡುವಷ್ಟರಲ್ಲಿ ಮಲೆ ಮಾದೇಶ್ವರನ ಕಥೆ ರಾಕ್ ನಾಟಕವಾಗುವುದೆಂದು ತೀರ್ಮಾನವಾಗಿ, ಕುಣಿತ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ತಂಡದಲ್ಲಿ ಎಂಟರವರೆಗೆ ತಪ್ಪದೆ ಎಣಿಸಬಲ್ಲವನು ನಾನೊಬ್ಬನೇ ಎಂಬುದು ನನಗಿದ್ದ ಅರ್ಹತೆ.

ಗಾಜನೂರು ಪಕ್ಕದಲ್ಲೇ ಇರುವುದರಿಂದ ನಟನೆ ನೀರಿನಲ್ಲೇ ಬಂದಿದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ಆ ನೀರು ಕುಡಿದು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ರಾಜ್‌ಕುಮಾರ್ ಆದರು. ಅದೇ ನೀರು ಕುಡಿದ ನಮ್ಮ ಮಾದಪ್ಪನ ಪಾತ್ರಧಾರಿ ಮಾತು ಮರೆತಾಗಲೆಲ್ಲ ಹುಲಿಯ ಮುಖ ನೋಡುತ್ತ ನಿಲ್ಲುತ್ತಿದ್ದ. ಹುಲಿಯೊಳಗಿದ್ದ ಇಬ್ಬರು ಹುಡುಗರಿಗೂ ಆ ಮಾತು ಗೊತ್ತಿರಲಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳು ವರ್ಷಗಟ್ಟಲೆ ಹೆದರಿದ್ದ ಊರು ನಮ್ಮದು. ನಮ್ಮ ನಾಟಕ ನೋಡಲು ಬಂದವರು ತಾವಾಗಿಯೇ ಕುರ್ಚಿ ಬಿಟ್ಟು ಹೋಗುತ್ತಿದ್ದರು.

ಕಂಸಾಳೆ ಕಲಿಸಲು, ಮಾದಪ್ಪನ ಪದ ಹಾಡುವ ದೇವರಗುಡ್ಡರ ಪೈಕಿ ಒಬ್ಬ ತಾತ ಬಂದರು. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ತಾಳ, ತುದಿಯಲ್ಲಿ ಗೊಂಡೆ. ತಾತ ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಬೀಸಿ, ಕೊನೆಗೆ ಅಂಗಾತ ಮಲಗಿಯೂ ಬೀಸಿ ಬಟ್ಟಲಿಗೆ ಹೊಡೆದರು. ನಾನು ಪಕ್ಕದಲ್ಲಿ ನಿಂತು ಒಂದು, ಎರಡು ಎಂದು ಎಣಿಸುತ್ತಿದ್ದೆ. ತಾತ ಎದ್ದು ಕೂತು, ‘ಮೇಷ್ಟ್ರೇ, ಇದು ಎಂಟ್ಕ ನಿಲ್ಲಲ್ಲ ಕನ್ರಪ್ಪ. ಪದ ಎಲ್ಲಿ ಉಸ್ರು ಬುಡ್ತದೋ ಅಲ್ಲಿ ನಿಂತ್ಕತದ’ ಅಂದರು. ಡ್ರಮ್ಸ್ ಹುಡುಗನಿಗೆ ತಕ್ಷಣ ಅರ್ಥವಾಯಿತು. ನನಗೆ ಆಗದಿದ್ದರೂ ತಲೆಯಾಡಿಸಿದೆ. ತರಗತಿಯಲ್ಲಿ ನನ್ನ ವಿದ್ಯಾರ್ಥಿಗಳು ಮಾಡುವುದೂ ಅದನ್ನೇ.

ಈ ಕಲೆಗೆ ನನ್ನದೇ ಕಾಣಿಕೆ ಎಂದರೆ ಉದ್ದದ ದಾರ. ಹಿಂದಿನ ಸಾಲಿನವರಿಗೂ ಬೀಸು ಕಾಣಬೇಕೆಂದು ತಾಳದ ದಾರವನ್ನು ಗೇಣಿನಿಂದ ಮೊಳಕ್ಕೆ ಏರಿಸಿದೆ. ತಾತ ನೋಡಿದರು, ಏನೂ ಹೇಳಲಿಲ್ಲ. ಗಿಟಾರಿನವನನ್ನು ಮೂಲೆಯಿಂದ ಎಳೆದು ತಂದು ರಂಗದ ನಟ್ಟನಡುವೆ ನಿಲ್ಲಿಸಿ, ಸುತ್ತ ಗುಡ್ಡರು ಕುಣಿಯುವಂತೆ ಮಾಡಿದ್ದೂ ನಾನೇ. ಈಗಲೂ ಹೇಳುತ್ತೇನೆ, ದೃಶ್ಯ ನೋಡಲು ಅದ್ಭುತವಾಗಿತ್ತು.

ಗಿಟಾರಿನವನು ಸುಲ್ತಾನ್ ಬತ್ತೇರಿಯ ಹುಡುಗ, ಬೈಕಿನಲ್ಲಿ ಬರುತ್ತಿದ್ದ. ಗುಂಡ್ಲುಪೇಟೆಯಲ್ಲಿ ಪ್ರದರ್ಶನ ಎಂದಾಗ ಅವನಿಗಿದ್ದ ಚಿಂತೆ ಒಂದೇ, ಬಂಡೀಪುರದ ಗೇಟು. 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಆ ಕಾಡಿನ ದಾರಿ ಬಂದ್. ಬೆರಳೆಣಿಕೆಯ ಸರ್ಕಾರಿ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಮಿಕ್ಕವರು ಮದ್ದೂರು ಚೆಕ್‌ಪೋಸ್ಟನ್ನು ಅಷ್ಟರೊಳಗೆ ದಾಟಲೇಬೇಕು. ‘ಏಳೂವರೆಗೆ ಮುಗಿದುಹೋಗುತ್ತೆ, ನಿಶ್ಚಿಂತೆಯಿಂದ ಬಾ’ ಎಂದು ಅವನಿಗೆ ಮಾತು ಕೊಟ್ಟೆ. ನಮ್ಮ ನಾಡಿನಲ್ಲಿ ನಾಟಕಕ್ಕೆ ಮೊದಲು ಸಭಾ ಕಾರ್ಯಕ್ರಮ ಎಂಬುದೊಂದು ಇರುತ್ತದೆಂದು ಬತ್ತೇರಿಯವನಿಗೇನು ಗೊತ್ತು?

ಓಣಂ ಹತ್ತಿರ ಬಂದಿತ್ತು. ಚೆಂಡು ಹೂವಿನ ಹೊಲಗಳಲ್ಲಿ ಫೋಟೋ ತೆಗೆಸಿಕೊಂಡ ಕೇರಳದ ಕಾರುಗಳೆಲ್ಲ ಗೇಟಿನ ಕಡೆ ಮುಖ ಮಾಡಿದ್ದವು. ನಮ್ಮ ಮುಖ್ಯ ಅತಿಥಿಗಳು ಮೈಕಿನ ಕಡೆ ಮುಖ ಮಾಡಿದರು. ಜಾನಪದ ಅಳಿಯುತ್ತಿದೆ, ಅದನ್ನು ಉಳಿಸಬೇಕು, ಬೆಳೆಸಬೇಕು, ಮುಂದಿನ ಪೀಳಿಗೆಗೆ ದಾಟಿಸಬೇಕು ಎಂದರು. ಎಲ್ಲವನ್ನೂ ಎರಡೆರಡು ಸಲ ಅಂದರು. ಪರದೆಯ ಹಿಂದೆ ತಾತ ಕಂಸಾಳೆ ಹಿಡಿದು ನಿಂತೇ ಇದ್ದರು. ಪೂಜೆ ಮಾಡಿ ಕೈಗೆತ್ತಿಕೊಂಡ ಮೇಲೆ ಆಟ ಮುಗಿಯುವವರೆಗೆ ಅವರು ಅದನ್ನು ನೆಲಕ್ಕಿಡುವುದಿಲ್ಲ. ಕುರ್ಚಿ ಕೊಟ್ಟರೆ, ‘ಬುಡಿ ಸಾಮಿ, ಮಂತ್ರಿಗೋಳ ಮೆರವಣಿಗೇಲಿ ಬಿಸುಲ್ಗ ನಿಂತು ರೂಢಿ ಅದ’ ಅಂದರು. ನಗುತ್ತಲೇ ಅಂದರು, ನನಗೆ ಮಾತ್ರ ನಗು ಬರಲಿಲ್ಲ. ಅತಿಥಿಗಳು ಭಾಷಣ ಮುಗಿಸಿ, ಹಾರ ತುರಾಯಿ ಹಾಕಿಸಿಕೊಂಡು, ಬೇರೊಂದು ಕಾರ್ಯಕ್ರಮವಿದೆಯೆಂದು ಪರದೆ ಏಳುವ ಮುನ್ನವೇ ಹೊರಟುಹೋದರು. ಉಳಿಸಬೇಕೆಂದ ಜಾನಪದವನ್ನು ಅವರು ಒಂದು ನಿಮಿಷವೂ ನೋಡಲಿಲ್ಲ.

ನಾಟಕ, ಮಾದಪ್ಪ ಬಂಕಾಪುರಿಯ ಶ್ರವಣದೊರೆಯನ್ನು ಸಂಹರಿಸುವ ದೃಶ್ಯಕ್ಕೆ ಬರುವಾಗ ಎಂಟು ದಾಟಿತ್ತು. ಗುಡ್ಡರ ಸಾಲಿನಲ್ಲಿ ನಾನೂ ಕುಣಿಯುತ್ತಿದ್ದೆ; ಯಾರೂ ಕರೆದಿರಲಿಲ್ಲ, ಆಸೆ. ತಲೆಯ ಮೇಲೆ ಒಂದು ಭರ್ಜರಿ ಬೀಸು ಬೀಸಿದೆ. ತಾಳ ಬಟ್ಟಲಿಗೆ ಬರಲಿಲ್ಲ. ಹೋಗಿ ಗಿಟಾರಿನ ಕತ್ತಿಗೆ ಸುತ್ತು ಹಾಕಿ, ಕಿವಿ ತಿರುಪುವ ಜಾಗದಲ್ಲಿ ಗೊಂಡೆ ಸಿಕ್ಕಿಸಿಕೊಂಡು ಕೂತಿತು. ದಾರದ ಈ ತುದಿ ನನ್ನ ಬೆರಳಿಗೆ ಬಿಗಿದಿತ್ತು.

ಅವನು ನುಡಿಸುವುದನ್ನು ನಿಲ್ಲಿಸುವಂತಿಲ್ಲ, ನಾನು ಕುಣಿಯುವುದನ್ನು ನಿಲ್ಲಿಸುವಂತಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದರೆ ನಾನು ಎರಡು ಹೆಜ್ಜೆ ಮುಂದೆ. ನಾನು ಮಂಡಿಯೂರಿದರೆ ಗಿಟಾರು ನಮಸ್ಕಾರ ಮಾಡುತ್ತಿತ್ತು. ಸುತ್ತು ತಿರುಗಿದರೆ ಬಿಡಿಸಿಕೊಳ್ಳಬಹುದೆಂದು ನಾನು ತಿರುಗಿದೆ. ಅದೇ ಯೋಚನೆ ಬಂದು ಅವನೂ ತಿರುಗಿದ. ಈಗ ಗಿಟಾರಿನ ವೈರೂ ನಮ್ಮಿಬ್ಬರ ಸೊಂಟಕ್ಕೆ ಸುತ್ತಿಕೊಂಡಿತು. ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಅವನು ಗಡಿಯಾರ ನೋಡಿ, ‘ಸಾರೇ... ಗೇಟ್!’ ಎಂದು ಉಸುರಿದ. ನಾನು ಭಕ್ತಿಯ ನಗು ಬಿಡದೆ, ‘ನಗು, ನಗು’ ಎಂದೆ. ಅವನು ನಗಲಿಲ್ಲ. ಹಾಡು ಬೇಗ ಮುಗಿದರೆ ಬಿಡುಗಡೆ ಎಂದುಕೊಂಡು ಗತಿ ಏರಿಸಿದ. ಡ್ರಮ್ಸಿನವನು ಬೆನ್ನು ಹತ್ತಿದ. ಗುಡ್ಡರು ಮಿಕ್ಸಿಯಂತೆ ತಿರುಗತೊಡಗಿದರು. ಮಾದಪ್ಪ ಓಡುತ್ತಲೇ ಪ್ರವೇಶಿಸಿದ. ಹುಲಿಗೆ ಬ್ರೇಕ್ ಹತ್ತದೆ ಆ ಕಡೆಯ ಸೈಡ್‌ವಿಂಗಿಗೆ ಹೋಗಿಯೇಬಿಟ್ಟಿತು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ಶ್ರವಣದೊರೆ ಯಾರೂ ಮುಟ್ಟದೆಯೇ ಸತ್ತ. ಮೈದಾನವೆಲ್ಲ ಚಪ್ಪಾಳೆ, ಸಿಳ್ಳೆ.

ಹಾಡು ಮುಗಿದರೂ ಗಂಟು ಬಿಟ್ಟಿರಲಿಲ್ಲ. ಹುಡುಗ ಬೈಕಿದ್ದ ಕಡೆ ನಡೆದೇಬಿಟ್ಟ, ಹಿಂದೆ ನಾನು. ಆಗ ತಾತ ಪದ ಹೇಳುತ್ತಲೇ ಬಂದು, ನಮ್ಮಿಬ್ಬರನ್ನು ಅಪ್ರದಕ್ಷಿಣೆಯಾಗಿ ಸುತ್ತಿ, ಬಟ್ಟಲಿನ ಅಂಚಿನಿಂದ ಗೊಂಡೆಯನ್ನು ಮೀಟಿದರು. ಬಿಟ್ಟುಕೊಂಡಿತು. ನನ್ನ ಕಿವಿಯಲ್ಲಿ, ‘ಗೇಣುದ್ದ ಸಾಕು ಅಂತ ಹಳಬ್ರು ಮಡಗಿದ್ದು ದಾರಕ್ಕ ಬರ ಬಂದಿತ್ತು ಅಂತಲ್ಲ, ಮೇಷ್ಟ್ರೇ’ ಅಂದು ಮುಂದಿನ ಪದಕ್ಕೆ ಹೋದರು.

ಹುಡುಗ ಗೇಟು ಹಾಕುವ ಹೊತ್ತಿಗೆ ದಾಟಿಕೊಂಡನಂತೆ. ಬೆನ್ನಿಗೆ ಬರಿ ಗಿಟಾರು, ಹಣೆ ತುಂಬ ವಿಭೂತಿ ನೋಡಿ ಅಲ್ಲಿದ್ದವರು ಏನೂ ಕೇಳದೆ ಬಿಟ್ಟರಂತೆ.

ಮರುದಿನ ಊರಿನ ಸಾಹಿತಿಗಳೊಬ್ಬರು ಫೋನು ಮಾಡಿ, ಆ ಬಂಧನವು ಪರಂಪರೆ ಹಾಗೂ ಆಧುನಿಕತೆಯ ಅಗಲಲಾರದ ನಂಟಿನ ರೂಪಕ ಎಂದರು. ನಾನು ವಿನಯದಿಂದ ಒಪ್ಪಿಕೊಂಡೆ. ಚಾಮರಾಜನಗರದ ಪ್ರದರ್ಶನದಲ್ಲೂ ಅದು ಬೇಕೆಂದು ನಿರ್ದೇಶಕರು ಹಟ ಹಿಡಿದರು. ಎಷ್ಟು ಬೀಸಿದರೂ ದಾರ ಗಿಟಾರಿಗೆ ಸಿಕ್ಕಿಕೊಳ್ಳಲಿಲ್ಲ. ಕೊನೆಗೊಮ್ಮೆ ಸಿಕ್ಕಿಕೊಂಡದ್ದು ಶ್ರವಣದೊರೆಯ ಮೀಸೆಗೆ. ಅದು ಅಂಟಿಸಿದ ಮೀಸೆ.

ಮುಂದಿನ ವರ್ಷಕ್ಕೆ ಮಂಟೇಸ್ವಾಮಿ ಕಥೆಯಂತೆ. ಅವರ ಶಿಷ್ಯ ಸಿದ್ದಪ್ಪಾಜಿ ಹಲಗೂರಿಗೆ ಹೋಗಿ ಕಬ್ಬಿಣದ ಭಿಕ್ಷೆ ಬೇಡುವ ಭಾಗ. ಪಾಂಚಾಳರ ಕುಲುಮೆಯನ್ನೇ ರಂಗದ ಮೇಲೆ ತರುತ್ತಾರಂತೆ. ಡ್ರಮ್ಸಿನ ಬದಲು ನಿಜವಾದ ಅಡೆಗಲ್ಲು, ನಿಜವಾದ ಸುತ್ತಿಗೆ. ಬತ್ತೇರಿ ಹುಡುಗ ಸಂಜೆ ನಾಲ್ಕಕ್ಕೆ ಶುರು ಮಾಡುವುದಾದರೆ ಬರುತ್ತೇನೆ ಎಂದಿದ್ದಾನೆ. ಹಿಂದಿನ ಸಾಲಿನವರಿಗೂ ಕಾಣಬೇಕಾದರೆ ಸುತ್ತಿಗೆಯ ಹಿಡಿ ಎಷ್ಟುದ್ದ ಇರಬೇಕೆಂದು ನಾನಾಗಲೇ ಬಡಗಿಯ ಹತ್ತಿರ ಮಾತಾಡಿ ಬಂದಿದ್ದೇನೆ.