ಹಿಮಾರೋಹಣ ಪಟ್ಟಾ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಹಿಮದ ಮೇಲೆ ಓಡುವ ಗಾಡಿ ಸ್ನೋಮೊಬೈಲಿನ ಹೊಟ್ಟೆಯಡಿ ಸುತ್ತುವ ರಬ್ಬರ್ ಪಟ್ಟಾ, ಅರ್ಥಾತ್ ಟ್ರ್ಯಾಕು. ಪ್ರಯೋಜನ: ಗುಡ್ಡ ಹತ್ತುವುದು. ಅಧಿಕಾರಿ: ಸಾಲದ ಕಂತಿಗಿಂತ ಟ್ರ್ಯಾಕಿನ ಬಿಗಿತದ ಬಗ್ಗೆ ಹೆಚ್ಚು ಚಿಂತಿಸುವವನು. ಸಂಬಂಧ: ಬ್ಯಾಂಕಿನೊಂದಿಗೆ ಮಾತ್ರ.

ಕರ್ಮಭೂಮಿ ಅಮೆರಿಕದ ವಯೋಮಿಂಗ್ ರಾಜ್ಯದ ಜಾಕ್ಸನ್ ಪಟ್ಟಣಕ್ಕೆ ಆತುಕೊಂಡ ಸ್ನೋ ಕಿಂಗ್ ಬೆಟ್ಟ. ಸ್ನೋಮೊಬೈಲಿನಲ್ಲಿ ಗುಡ್ಡ ಹತ್ತುವ ಇಲ್ಲಿಯ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1976ರಲ್ಲಿ. ಬುಡದಿಂದ ತುದಿಗೆ ಸುಮಾರು 1,500 ಅಡಿ. ಬುಡವೇ ಸಮುದ್ರಮಟ್ಟದಿಂದ 6,200 ಅಡಿ ಮೇಲಿರುವುದರಿಂದ ಟರ್ಬೊ ಇಲ್ಲದ ಎಂಜಿನ್ ತನ್ನ ಬಲದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲನ್ನು ತೆಳು ಗಾಳಿಗೆ ದಕ್ಷಿಣೆ ಕೊಟ್ಟೇ ಹೊರಡುತ್ತದೆ. ಮಿಕ್ಕ ನಾಲ್ಕು ಪಾಲನ್ನು ಹೇಗೆ ಖರ್ಚು ಮಾಡಬೇಕೆಂಬಲ್ಲಿ ದರ್ಶನಕಾರರಿಗೆ ಜಗಳ.

ದೀರ್ಘವಾದಿಗಳ ಪ್ರಕಾರ 154 ಇಂಚಿನ ಟ್ರ್ಯಾಕು ಬಾಲಬೋಧೆ, 165 ಪ್ರೌಢ, 175 ಸಾಕ್ಷಾತ್ ಮೋಕ್ಷ. ಉದ್ದ ಹೆಚ್ಚಿದಷ್ಟೂ ಭಾರ ಹಂಚಿಹೋಗಿ ಗಾಡಿ ಹೂತುಕೊಳ್ಳುವುದಿಲ್ಲ; ಒಪ್ಪಿದೆವು. ಆದರೆ ಮುಕ್ತಾತ್ಮರಂತೆಯೇ ಈ ಟ್ರ್ಯಾಕಿಗೂ ಎಡಬಲಗಳ ಹಂಗಿಲ್ಲ. ಹ್ಯಾಂಡಲ್ ತಿರುಗಿಸಿದರೂ ನೇರ ಹೋಗಲು ಹಟ ಹಿಡಿಯುತ್ತದೆ. ಪಂದ್ಯದಲ್ಲಿಯೋ ಗೇಟುಗಳ ನಡುವೆ ನುಸುಳಬೇಕು.

ದಂತವಾದಿಗಳು ಮೂರು ಇಂಚು ಎತ್ತರದ ಲಗ್‌ಗಳ, ಅರ್ಥಾತ್ ಟ್ರ್ಯಾಕಿನ ಹೊರಮೈ ಹಲ್ಲುಗಳ, ಉಪಾಸಕರು. ಹೊಸ ಪುಡಿಹಿಮದಲ್ಲಿ ಇವರನ್ನು ವಾದದಲ್ಲಿ ಗೆಲ್ಲುವವರಿಲ್ಲ. ಪಂದ್ಯ ಮಾತ್ರ ಮಾರ್ಚ್‌ನಲ್ಲಿ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಹಿಮದ ಮೇಲೆ ಉದ್ದನೆಯ ಮೆದು ಲಗ್ ಕಚ್ಚದೆ ಮಡಚಿಕೊಳ್ಳುತ್ತದೆ. ಅಲ್ಲಿ ಗಿಡ್ಡ, ಗಡುಸು ಹಲ್ಲಿಗೇ ಮರ್ಯಾದೆ. ಹಲ್ಲಿನ ಸಾಲುಗಳ ನಡುವಣ ಅಂತರ, ಅರ್ಥಾತ್ ಪಿಚ್, 3 ಇಂಚಿರಬೇಕೋ 3.5 ಇರಬೇಕೋ ಎಂಬ ಉಪಶಾಖೆಯ ಕಲಹವನ್ನು ಗ್ರಂಥವಿಸ್ತಾರದ ಭಯದಿಂದ ಬಿಟ್ಟಿದ್ದೇವೆ. ನಿಜದಲ್ಲಿ ಆ ಪಂಡಿತರ ಭಯದಿಂದ.

ಇನ್ನು ಪರಮರಹಸ್ಯ: ಲಿಮಿಟರ್ ಪಟ್ಟಿ. ಹಿಂಬದಿಯ ಸಸ್ಪೆನ್ಶನ್‌ನ ಮುಂತೋಳು ಎಷ್ಟು ಕೆಳಗಿಳಿಯಬಹುದೆಂದು ತೀರ್ಮಾನಿಸುವ ಒಂದು ತುಂಡು ಪಟ್ಟಿ. ಒಂದು ತೂತು ಬಿಗಿಸಿ, ಭಾರ ಮುಂದಿನ ಸ್ಕೀಗಳ ಮೇಲೆ ಬಿದ್ದು ಮೂತಿ ತಗ್ಗುತ್ತದೆ, ತಿರುಗಿಸಿದತ್ತ ತಿರುಗುತ್ತದೆ. ಒಂದು ತೂತು ಸಡಿಲಿಸಿ, ಭಾರ ಟ್ರ್ಯಾಕಿಗೆ ಹೋಗಿ ಹಿಡಿತ ಬರುತ್ತದೆ. ಕಡಿದಾದ ಕಡೆ ಮೂತಿ ನಕ್ಷತ್ರವೀಕ್ಷಣೆಗೆ ತೊಡಗುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಅಧ್ಯಾತ್ಮವೆಲ್ಲ ಆ ತೂತಿನಲ್ಲಿದೆ.

ಟ್ರ್ಯಾಕನ್ನು ಅತಿ ಬಿಗಿ ಮಾಡಿದರೆ ಘರ್ಷಣೆ ಬಲವನ್ನು ತಿನ್ನುತ್ತದೆ, ಸಡಿಲ ಮಾಡಿದರೆ ಅದನ್ನು ಸುತ್ತಿಸುವ ಡ್ರೈವರ್ ಚಕ್ರದ ಹಲ್ಲು ಜಾರುತ್ತದೆ. ಇದರಲ್ಲಿ ಭಿನ್ನಮತವಿಲ್ಲ, ಆದ್ದರಿಂದ ಸ್ವಾರಸ್ಯವೂ ಇಲ್ಲ.

ಹತ್ತದಿದ್ದರೆ? ಅನುಭವವಿಲ್ಲದವನು ಥ್ರಾಟಲ್ ಪೂರ್ತಿ ಒತ್ತಿ ಹಿಡಿಯುತ್ತಾನೆ. ಟ್ರ್ಯಾಕು ಸುತ್ತುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ, ಹಿಮ ಹಿಂದಕ್ಕೆ ಹಾರುತ್ತದೆ. ಆರೋಹಣಶಾಸ್ತ್ರ ಮುಗಿದು ಉತ್ಖನನಶಾಸ್ತ್ರ ಆರಂಭವಾಗುವುದು ಇಲ್ಲಿ. ಲಗ್ ಎಷ್ಟು ಉದ್ದವೋ ಗುಂಡಿಯೂ ಅಷ್ಟು ಬೇಗ ಸಿದ್ಧ. ದಂತವಾದಿಗಳು ಈ ಫಲಶ್ರುತಿಯನ್ನು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ.

ಕೊನೆಗೊಬ್ಬ ಪೂರ್ವಪಕ್ಷಿ ಎದ್ದು ನಿಂತು, ‘ಸ್ವಾಮಿ, ಅದೇ ಬೆಟ್ಟದ ತುದಿಗೆ ಗೊಂಡೋಲಾ ಇದೆಯಲ್ಲ, ಟಿಕೆಟ್ ತೆಗೆದುಕೊಂಡು ಕೂತರಾಯಿತು’ ಎನ್ನುತ್ತಾನೆ. ಅವನು ಅನಧಿಕಾರಿ. ಮೊದಲ ಪ್ಯಾರಾ ಓದಿಕೊಂಡು ಬರಲಿ.